ತೂತು ಅಣ್ಣನಿಗೆ, ಸೂಜಿ ತಮ್ಮನಿಗೆ

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಚೊಕ್ಕಟವಾದ ಕೋಣೆಗೆ ಹಸಿದವರು ಕಾಲಿಡುವಂತಿರಲಿಲ್ಲ. ಕಟ್ಟಿಸುವಾಗ ಅದು ಅಡುಗೆಮನೆಯೇ. ಅವ್ವನ ತವರು ಮುದ್ದೇಬಿಹಾಳ. ಮದುವೆಯಾದ ವರ್ಷ ಅವಳ ಅಣ್ಣತಮ್ಮಂದಿರು ಬಂದು ನೆಲಕ್ಕೆ ಬಿಳಿ ಟೈಲ್ಸ್ ಹಾಸಿ, ಗೋಡೆಗೂ ಎದೆಮಟ್ಟ ಏರಿಸಿ, ಬಾಗಿಲಿಗೆ ಜಾಳಿಗೆ ಹೊಡೆದು ಹೋಗಿದ್ದರು. ಸಿಂದಗಿಯ ನಮ್ಮ ಓಣಿಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ ಎಂದು ಅವ್ವ ಹೇಳುತ್ತಾಳೆ. ಅವಳು ಹೇಳುವ ಗತ್ತು ನೋಡಿದರೆ ವಿಜಯಪುರದ ಗೋಳಗುಮ್ಮಟ ಕಟ್ಟಿದವರೂ ಮೊದಲು ಇಲ್ಲಿಗೆ ಬಂದು ನೋಡಿಕೊಂಡು ಹೋಗಿರಬೇಕು.

ಅಪ್ಪ ಮತ್ತು ಅವನ ತಮ್ಮ ಶರಣು ಕಾಕಾ ಇಬ್ಬರೂ ಡೀಸೆಲ್ ಎಂಜಿನ್ನಿನ ನಾಝಲ್ ರಿಪೇರಿ ಮಾಡುತ್ತಿದ್ದರು. ಎಂಜಿನ್ನಿನ ಒಳಗೆ ಡೀಸೆಲ್ ಸಿಂಪಡಿಸುವ, ಬೆರಳುದ್ದದ ಉಕ್ಕಿನ ಸಾಮಾನು ಅದು. ಪಡಸಾಲೆಯೇ ಅಂಗಡಿ. ನಾಝಲ್ಲಿಗೆ ಮುಖ್ಯ ವೈರಿ ಧೂಳು, ಮತ್ತು ಸಿಂದಗಿಯಲ್ಲಿ ಧೂಳಿನ ಕೊರತೆ ಯಾವ ಸರಕಾರದ ಕಾಲದಲ್ಲೂ ಬಂದಿಲ್ಲ. ಇಂಡಿ ಕಡೆ ಹೋಗುವ ಒಂದು ಟೆಂಪೊ ಬಾಗಿಲ ಮುಂದೆ ಹಾದರೆ ಸಾಕು, ತೊಳೆದಿಟ್ಟ ಸಾಮಾನಿನ ಮೇಲೆ ಎರೆಮಣ್ಣಿನ ಪುಡಿ ಕೂತಿರುತ್ತಿತ್ತು. ಹೀಗಾಗಿ ಒಂದು ಬೇಸಿಗೆಯಲ್ಲಿ ಅಪ್ಪ ಕೆಲಸದ ಬೆಂಚನ್ನು ಅಡುಗೆಮನೆಗೆ ಸಾಗಿಸಿದ. ಮಳಿ ಬರೂತನಾ ಅಷ್ಟ ಅಂದನಂತೆ. ಮಳೆ ಬಂತು, ಹೋಯಿತು, ಮತ್ತೆ ಬಂತು. ನಾನು ಹುಟ್ಟಿದೆ, ಹಲ್ಲು ಬಂದವು, ಬಂದ ಹಲ್ಲು ಬಿದ್ದವು. ಬೆಂಚು ಅಲ್ಲಾಡಲಿಲ್ಲ. ಅವ್ವ ಹಿತ್ತಲಿನ ತಗಡಿನ ಸೆಡ್ಡಿನಲ್ಲಿ ಒಲೆ ಹೂಡಿದಳು. ಗಾಳಿ ಬೀಸಿದ ದಿನ ಝುಣಕದಲ್ಲಿ ಹಲ್ಲಿಗೆ ಕರ್ ಎನ್ನುವ ಮಣ್ಣು ಸಿಗುತ್ತಿತ್ತು. ಅಪ್ಪ ಅಗಿಯುವುದನ್ನು ನಿಲ್ಲಿಸಿ ಮೇಲೆ ನೋಡುತ್ತಿದ್ದ. ಅವ್ವ ಅದಕ್ಕಾಗಿಯೇ ಕಾದವಳಂತೆ, ನಿಮ್ಮ ನಾಝಲ್ ಆರಾಮ ಅದಾವಲ್ಲ, ಸಾಕು, ಅನ್ನುತ್ತಿದ್ದಳು. ನಮ್ಮ ಮನೆಯ ಊಟಗಳಲ್ಲಿ ಉಪ್ಪಿನ ಬದಲಿಗೆ ಇಂಥ ಮಾತು ಹಾಕುತ್ತಿದ್ದರು.

ಕೋಣೆಯ ಜತೆಗೆ ಅವಳ ಮಸಾಲೆ ಡಬ್ಬಿಯೂ ಹೋಗಿತ್ತು. ಅದರ ಗುಂಡು ಗುಂಡು ಬಟ್ಟಲುಗಳು ನಾಝಲ್ ಇಡಲು ಹೇಳಿ ಮಾಡಿಸಿದಂತಿದ್ದವು. ನಾಝಲ್ ಎಂದರೆ ಒಂದಲ್ಲ, ಎರಡು ತುಂಡು. ಹೊರಗಿನ ಚಿಪ್ಪಿಗೆ ಬಾಡಿ ಎನ್ನುತ್ತಾರೆ. ಅದರ ಮೂತಿಯಲ್ಲಿ ಕಣ್ಣಿಗೆ ಕಂಡೂ ಕಾಣದಂಥ ತೂತುಗಳಿರುತ್ತವೆ. ಅದರ ಒಳಗೊಂದು ಉಕ್ಕಿನ ಸೂಜಿ. ಕಾರ್ಖಾನೆಯಲ್ಲಿ ಈ ಸೂಜಿಯನ್ನು ಈ ಬಾಡಿಗೇ ಎಂದು ಉಜ್ಜಿ ಕೂಡಿಸಿ ಕಳಿಸಿರುತ್ತಾರೆ. ಒಂದರ ಸೂಜಿ ಇನ್ನೊಂದರ ಬಾಡಿಗೆ ನಡೆಯುವುದಿಲ್ಲ: ಬಿಗಿಯಾದರೆ ಸಿಕ್ಕಿಕೊಳ್ಳುತ್ತದೆ, ಸಡಿಲಾದರೆ ಸೋರುತ್ತದೆ. ಅದಕ್ಕೇ ಒಂದೊಂದು ಜೋಡಿಗೆ ಒಂದೊಂದು ಬಟ್ಟಲು. ಜೀರಿಗೆ ಇದ್ದಲ್ಲಿ ಆಲಮೇಲದವರ ಟ್ರ್ಯಾಕ್ಟರು, ಸಾಸಿವೆ ಇದ್ದಲ್ಲಿ ಬಾಗೇವಾಡಿಯವರದು. ಆ ಡಬ್ಬಿಯನ್ನು ಡೀಸೆಲ್ಲಿನಲ್ಲಿ ತೊಳೆದು ಕೊಡುವ ಕೆಲಸವನ್ನೂ ಅಪ್ಪ ಅವ್ವನಿಗೇ ವಹಿಸಿದ್ದ. ಜೋಡಿ ತಪ್ಪಿಸಿದರೆ ಕೈ ಮುರಿಯುತ್ತೇನೆ ಎಂದಿದ್ದ. ಒಮ್ಮೆಯೂ ತಪ್ಪಿಸಲಿಲ್ಲ, ಆದರೆ ತೊಳೆಯುವಾಗ ಅವಳು ಆಡುತ್ತಿದ್ದ ಬೈಗುಳವನ್ನು ನಾನು ಇಲ್ಲಿ ಬರೆಯಲಾರೆ. ಆಡಿ ತೋರಿಸಬಲ್ಲೆ, ಎದುರು ಸಿಕ್ಕಾಗ ಕೇಳಿ.

ಇನ್ನು ಆ ಕೋಣೆಯೊಳಗಿನ ಜಗಳ. ಪೆಟ್ರೋಲ್ ಗಾಡಿಯಲ್ಲಿ ಕಿಡಿ ಹೊಡೆಯುವ ಪ್ಲಗ್ ಇರುತ್ತದೆ. ಡೀಸೆಲ್ಲಿಗೆ ಕಿಡಿಯಿಲ್ಲ. ಗಾಳಿಯನ್ನೇ ಒತ್ತಿ ಒತ್ತಿ ಕಾಯಿಸಿ, ಆ ಕಾದ ಗಾಳಿಯೊಳಗೆ ಡೀಸೆಲ್ ಬಿಟ್ಟರೆ ತಾನೇ ಹೊತ್ತಿಕೊಳ್ಳುತ್ತದೆ. ಹೇಗೆ ಬಿಟ್ಟೆವು ಎಂಬುದರ ಮೇಲೆ ಎಂಜಿನ್ನಿನ ಹಣೆಬರಹ. ಚಳಿಗಾಲದ ಮಂಜಿನಂತೆ ಬಿಟ್ಟರೆ ಪೂರ್ತಿ ಉರಿಯುತ್ತದೆ. ದಪ್ಪ ಹನಿಯಾಗಿ ಬಿದ್ದರೆ ಮೇಲ್ಮೈ ಉರಿದು ಒಡಲು ಮಸಿಯಾಗಿ ಸೈಲೆನ್ಸರಿನಿಂದ ಕರಿಹೊಗೆ ಬರುತ್ತದೆ. ಅಪ್ಪನ ಪ್ರಕಾರ ಇದೆಲ್ಲ ತೂತಿನ ಕರಾಮತ್ತು. ತೂತು ಸವೆದು ಅಗಲವಾದರೆ ಹನಿ ದಪ್ಪ, ಒಂದು ತೂತು ಮಸಿಗಟ್ಟಿದರೆ ಒಂದು ಕಡೆ ಉರಿ ಒಂದು ಕಡೆ ಉಪವಾಸ, ತೂತಿನ ಕೋನ ತಪ್ಪಿದರೆ ಡೀಸೆಲ್ಲು ಗಾಳಿಗೆ ಹೋಗದೆ ಪಿಸ್ಟನ್ನಿನ ತಲೆಗೆ ಹೊಯ್ಯುತ್ತದೆ. ಕಾಕಾನ ಪ್ರಕಾರ ತೂತು ಬರೀ ತೂತು. ಕೆಲಸ ಮಾಡುವುದು ಸೂಜಿ. ಸ್ಪ್ರಿಂಗು ಸೂಜಿಯನ್ನು ಗಟ್ಟಿ ಹಿಡಿದು, ಡೀಸೆಲ್ಲಿನ ಒತ್ತಡ ಪೂರ್ತಿ ಏರಿದ ಮೇಲೇ ಬಿಡಬೇಕು. ಬೇಗ ಬಿಟ್ಟರೆ ಮಂಜಾಗುವುದಿಲ್ಲ, ಜೊಲ್ಲಾಗುತ್ತದೆ. ಮರಳಿ ಕೂಡುವಾಗ ಟಪ್ಪನೆ ಕೂತು ದಾರಿ ಮುಚ್ಚಬೇಕು. ಸರಿಯಾಗಿ ಕೂಡದಿದ್ದರೆ ಕೆಲಸ ಮುಗಿದ ಮೇಲೂ ಒಂದು ಹನಿ ಜಿನುಗುತ್ತದೆ, ಆ ಹನಿಯೇ ಹೊಗೆ. ಇಬ್ಬರೂ ಹೇಳುತ್ತಿದ್ದದ್ದು ಸರಿಯೇ ಇತ್ತು. ಅದೇ ದೊಡ್ಡ ತೊಂದರೆ. ಒಬ್ಬ ತಪ್ಪಾಗಿದ್ದರೆ ಜಗಳ ಎಂದೋ ಮುಗಿಯುತ್ತಿತ್ತು.

ಇಬ್ಬರ ನಡುವೆ ಮಾತು ನಿಂತದ್ದು ಆಲಮೇಲದ ಒಂದು ಕಬ್ಬಿನ ಟ್ರ್ಯಾಕ್ಟರಿನಿಂದ. ಕರಿಹೊಗೆ ಎಂದು ಬಂದಿತ್ತು. ಬೆಳಿಗ್ಗೆ ಅಪ್ಪ ತೂತು ಬಿಡಿಸಿದ, ಮಧ್ಯಾಹ್ನ ಕಾಕಾ ಸೂಜಿ ಕೂಡುವ ಜಾಗ ಉಜ್ಜಿ ಸ್ಪ್ರಿಂಗಿನ ಕೆಳಗೆ ವಾಷರ್ ಸೇರಿಸಿದ. ಹೊಗೆ ಹೋಯಿತು. ಯಾರಿಂದ ಹೋಯಿತು ಎಂಬುದು ಟ್ರ್ಯಾಕ್ಟರಿಗೂ ಗೊತ್ತಿರಲಿಲ್ಲ. ಅಂದು ಸಂಜೆ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದರು, ಮರುದಿನದಿಂದ ಒಂದೇ ಬೆಂಚಿನ ಎರಡು ತುದಿಗೆ ಕೂತು ಒಬ್ಬರಿಗೊಬ್ಬರು ಮಾತಾಡುವುದನ್ನು ಬಿಟ್ಟರು. ಆದರೆ ಮಾತು ಬಿಟ್ಟರೂ ಕೆಲಸ ನಡೆಯಬೇಕಲ್ಲ. ಆಗ ನನ್ನ ಬಾಯಿಗೆ ನೌಕರಿ ಸಿಕ್ಕಿತು.

ಬೆಂಚಿನ ನಡುವೆ ನನ್ನನ್ನು ಕೂಡಿಸಿಕೊಳ್ಳುತ್ತಿದ್ದರು. ಮೂರು ಮೊಳ ದೂರದಲ್ಲಿದ್ದ ತಮ್ಮನಿಗೆ ಅಪ್ಪ ನನ್ನ ಮೂಲಕ ಹೇಳಿ ಕಳಿಸುತ್ತಿದ್ದ. ನಾನು ಬರೀ ಮಾತನ್ನು ದಾಟಿಸುತ್ತಿರಲಿಲ್ಲ, ದನಿಯ ಸಮೇತ ದಾಟಿಸುತ್ತಿದ್ದೆ. ಅಪ್ಪ ಸಿಟ್ಟಿಗೇಳುವ ಮೊದಲು ಗಂಟಲಲ್ಲಿ ಪಂಪಿನ ಗಾಳಿ ತೆಗೆದಂತೆ ಖರ್ ಖರ್ ಮಾಡುತ್ತಿದ್ದ. ಕಾಕಾನ ಮಾತು ಮೂಗಿನಿಂದ ಹೊರಟು ಪ್ರತಿ ವಾಕ್ಯದ ಬಾಲಕ್ಕೆ ‘ತಿಳೀತೇನು’ ಎಂದು ಅಂಟಿಕೊಂಡು ಬರುತ್ತಿತ್ತು. ಮೊದಮೊದಲು ಹೇಳಿದ್ದಷ್ಟೇ ಹೇಳುತ್ತಿದ್ದೆ. ಆಮೇಲೆ ಕೇಳುವವರೇ ಸಾಲದು ಎನ್ನತೊಡಗಿದರು. ಹಾಂಗ ಅಂದನಾ, ಹೆಂಗ ಅಂದ, ಮಾರಿ ಹೆಂಗ ಮಾಡಿದ್ದ ತೋರಸು, ಎಂದು ಕಾಕಾ ಕೇಳುತ್ತಿದ್ದ. ತೋರಿಸುತ್ತಿದ್ದೆ. ಒಮ್ಮೊಮ್ಮೆ ಅಪ್ಪನ ಸಿಟ್ಟು ಸಪ್ಪೆ ಅನ್ನಿಸಿದರೆ ಕೈಯಿಂದ ಸ್ವಲ್ಪ ಖಾರ ಹಾಕುತ್ತಿದ್ದೆ. ಮಸಾಲೆ ಡಬ್ಬಿಯಲ್ಲಿ ಹೇಗೂ ಖಾರ ಇರಲಿಲ್ಲ. ಸಾಲಿಯಲ್ಲಿ ಇದೇ ವಿದ್ಯೆಯನ್ನು ಗಣಿತದ ಮಾಸ್ತರರ ಮೇಲೆ ಪ್ರಯೋಗಿಸಿ ಬಾಗಿಲ ಹೊರಗೆ ಕಳೆದ ಕಾಲವನ್ನು ಕೂಡಿಸಿದರೆ ನನ್ನ ವಿದ್ಯಾಭ್ಯಾಸ ಬಹುತೇಕ ಬಯಲಿನಲ್ಲೇ ಆಗಿದೆ.

ಈಗ ನಾನು ಬಸವನ ಬಾಗೇವಾಡಿಯಲ್ಲಿ ಅದೇ ನಾಝಲ್ ರಿಪೇರಿಯ ಉದ್ಯೋಗ ಮಾಡುತ್ತೇನೆ. ನಾಝಲ್ಲಿನ ಇವತ್ತಿನ ಅವತಾರವಾದ ಇಂಜೆಕ್ಟರಿಗೆ ಕಂಪ್ಯೂಟರು ಅಪ್ಪಣೆ ಕೊಡುತ್ತದೆ. ಅದು ಮೊದಲು ಒಂದು ಚಿಟಿಕೆ ಡೀಸೆಲ್ ಬಿಟ್ಟು ಸಣ್ಣಗೆ ಉರಿ ಹಚ್ಚುತ್ತದೆ, ಆಮೇಲೆ ಪೂರ್ತಿ ಬಿಡುತ್ತದೆ. ಹಳೆಯ ನಾಝಲ್ಲಿನಲ್ಲಿ ಆ ಮುಂಚಿನ ಚಿಟಿಕೆ ಇರಲಿಲ್ಲ. ಡೀಸೆಲ್ ಒಳಗೆ ಬಿದ್ದು ಹೊತ್ತಿಕೊಳ್ಳಲು ತಡವಾಗುತ್ತಿತ್ತು, ಅಷ್ಟರಲ್ಲಿ ಇನ್ನಷ್ಟು ಬಂದು ಸೇರುತ್ತಿತ್ತು, ಹೊತ್ತಿಕೊಂಡಾಗ ಎಲ್ಲವೂ ಒಮ್ಮೆಲೇ. ಎಂಜಿನ್ನು ಕಟಕಟ ಹೊಡೆದುಕೊಳ್ಳುವುದು ಅದಕ್ಕೇ. ನಮ್ಮ ಮನೆಯ ಮಂದಿಯೂ ಅದೇ ಹಳೆಯ ಮಾಡೆಲ್ಲು. ಅವ್ವ ಮಾತ್ರ ಬೇರೆ. ಅವಳು ತಡವಾಗಿ ಹೊತ್ತಿಕೊಳ್ಳುವವಳಲ್ಲ, ಎಷ್ಟು ಒತ್ತಡಕ್ಕೆ ಬಿಡಬೇಕು ಎಂದು ಎಣಿಸಿ ಕೂತವಳು.

ಒಂದು ದಿನ ಊಟದ ನಡುವೆ, ರೊಟ್ಟಿ ನೀಡುತ್ತ, ವಾಟ್ನಿ ಮಾಡ್ಕೋರಿ ಅಂದಳು. ಅಣ್ಣತಮ್ಮ ಪಾಲಾಗಿ ಬೇರೆ ಬೇರೆ ಕಡೆ ಬೆಂಚು ಹಾಕಲಿ, ನನ್ನ ಕೋಣೆ ನನಗೆ ಬರಲಿ. ಅವಳಿಗೆ ಬೇಕಾದದ್ದು ಅಷ್ಟೇ, ಮತ್ತು ಅದನ್ನು ಮುಚ್ಚಿಡಲೂ ಇಲ್ಲ. ಅಪ್ಪ ನನ್ನ ಕಡೆ ತಿರುಗಿ, ನಿಮ್ಮ ಕಾಕಾನ್ನ ಕೇಳು, ಅಂದ. ಕಾಕಾ ನನ್ನ ಕಡೆ ತಿರುಗಿ, ನಾ ಎಂದೋ ತಯಾರದೇನಿ, ತಿಳೀತೇನು, ಅಂದ. ನಾನು ಎರಡನ್ನೂ ಅಲ್ಲಲ್ಲಿಗೆ ಮುಟ್ಟಿಸಿದೆ. ಅವರಿಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಪಾಲು ಮಾಡಲು ಅಪ್ಪನ ಸೋದರಮಾವ ಬಂದ. ನನಗೆ ಅವನು ಕನ್ನೊಳ್ಳಿ ಮುತ್ಯಾ, ಅಂದರೆ ಕನ್ನೊಳ್ಳಿಯ ಅಜ್ಜ. ಟ್ರ್ಯಾಕ್ಟರಿಗೆ ರಾಶಿ ಮಷಿನ್ ಜೋಡಿಸಿ ಊರೂರಿನ ಜೋಳ ಒಕ್ಕುತ್ತಿದ್ದ; ಅದರ ಸದ್ದಿನಲ್ಲಿ ಕೂಗಿ ಕೂಗಿ, ಮೂರು ಮಂದಿಯ ನಡುವೆ ಕೂತಾಗಲೂ ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ. ರಾಶಿಯ ಕಾಲ ಹತ್ತಿರ ಬಂದಿತ್ತು. ಅವನ ಟ್ರ್ಯಾಕ್ಟರಿನ ನಾಝಲ್ಲುಗಳೂ ನಮ್ಮಲ್ಲೇ ರಿಪೇರಿಗೆ ಬಿಚ್ಚಿ ಬಿದ್ದಿದ್ದವು, ಮಸಾಲೆ ಡಬ್ಬಿಯಲ್ಲೇ. ಮುತ್ಯಾನಿಗೆ ಎಂಜಿನ್ನು ಚಾಲೂ ಮಾಡುವುದು ಗೊತ್ತಿತ್ತು, ಒಳಗಿನದು ಗೊತ್ತಿರಲಿಲ್ಲ. ಹೊಲ, ಹೊರಸು, ಹಂಡೆ ಎಲ್ಲ ಸುಸೂತ್ರ ಪಾಲಾದವು. ಕಡೆಗೆ ನಾಝಲ್ಲಿಗೆ ಬಂದು ನಿಂತಿತು. ಇಬ್ಬರೂ ತಮ್ಮ ತಮ್ಮ ಸಿದ್ಧಾಂತವನ್ನು ಮುತ್ಯಾನ ಮುಂದೆ, ನನ್ನ ಬಾಯಿಂದ, ಮತ್ತೆ ಶುರು ಮಾಡಿದರು. ನಾನು ಒಮ್ಮೆ ಖರ್ ಖರ್ ಎಂದು, ಒಮ್ಮೆ ಮೂಗಿನಿಂದ ತಿಳೀತೇನು ಎಂದು ಸುಸ್ತಾದೆ. ಮುತ್ಯಾನಿಗೆ ತಲೆ ಕೆಟ್ಟಿತು. ಅವ್ವನಿಗೆ ಹಿಟ್ಟು ನಾದುವ ಎರಡು ಪರಾತ ತರಲು ಹೇಳಿದ.

“ನೀ ತೂತು ಅಂತಿ. ತೂತು ನಿನಗ. ಅವ ಸೂಜಿ ಅಂತಾನ. ಸೂಜಿ ಅವಗ. ಇನ್ನ ಬಾಯಿ ಮುಚ್ಚರಿ.”

ಅಂದವನೇ ಡಬ್ಬಿಯ ಒಂದೊಂದೇ ಬಟ್ಟಲೆತ್ತಿ, ಬಾಡಿಯನ್ನು ಒಂದು ಪರಾತಕ್ಕೆ, ಸೂಜಿಯನ್ನು ಇನ್ನೊಂದಕ್ಕೆ ಸುರಿದ. ಮೊದಲ ಬಟ್ಟಲು ಸುರಿಯುವಾಗ ಅಪ್ಪನ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಕಾಕಾ ಅರ್ಧ ಎದ್ದ, ಮತ್ತೆ ಕೂತ. ಬೇಡ ಎನ್ನಲು ಒಂದೇ ದಾರಿಯಿತ್ತು. ಸೂಜಿಯಿಲ್ಲದ ತೂತು ಕೆಲಸಕ್ಕೆ ಬಾರದು ಎಂದು ಅಪ್ಪ ಒಪ್ಪಬೇಕು, ಇಲ್ಲವೇ ತೂತಿಲ್ಲದ ಸೂಜಿಯಿಂದ ಹಲ್ಲುಕಡ್ಡಿಯ ಉಪಯೋಗವೂ ಇಲ್ಲ ಎಂದು ಕಾಕಾ ಒಪ್ಪಬೇಕು. ಇಬ್ಬರೂ ನನ್ನ ಬಾಯಿ ನೋಡಿದರು, ಇನ್ನೊಬ್ಬ ಮೊದಲು ಏನಾದರೂ ಹೇಳಿ ಕಳಿಸುತ್ತಾನೇನೋ ಎಂದು. ಮುತ್ಯಾ ಮುಂದಿನ ಬಟ್ಟಲೆತ್ತಿದ. ಕಣಕಣ ಸದ್ದು ಮಾಡುತ್ತ ಆಲಮೇಲ, ಬಾಗೇವಾಡಿ, ಕೊನೆಗೆ ಮುತ್ಯಾನ ಸ್ವಂತ ಟ್ರ್ಯಾಕ್ಟರಿನ ಜೋಡಿಗಳೂ ಅವನದೇ ಕೈಯಿಂದ ಒಡೆದು ಎರಡು ಪರಾತದಲ್ಲಿ ಕಲೆತುಹೋದವು. ಬಾಗಿಲಲ್ಲಿ ನಿಂತ ಅವ್ವನಿಗೆ ಏನಾಗುತ್ತಿದೆ ಎಂದು ನಮ್ಮೆಲ್ಲರಷ್ಟೇ ಗೊತ್ತಿತ್ತು. ಅವಳ ಕಣ್ಣು ಪರಾತದ ಮೇಲಿರಲಿಲ್ಲ, ಇನ್ನು ಹೊರಗೆ ಹೋಗಲಿದ್ದ ಬೆಂಚಿನ ಮೇಲಿತ್ತು.

ಮೂಲೆಯಿಂದ ಮೂಲೆಗೆ ಟೈಲ್ಸ್ ತಿಕ್ಕಿ, ಡೀಸೆಲ್ ವಾಸನೆ ಹೋಗಲು ನಿಂಬೆಹಣ್ಣು ಒರೆಸಿ, ಮರುದಿನವೇ ಅವ್ವ ಒಳಗೆ ಒಲೆ ಹಚ್ಚಿದಳು. ಪಡಸಾಲೆಯ ಒಂದು ಮೂಲೆಯಲ್ಲಿ ಅಪ್ಪ ತೂತುಗಳನ್ನು ಒರೆಸುತ್ತ ಕೂತ, ಇನ್ನೊಂದರಲ್ಲಿ ಕಾಕಾ ಸೂಜಿಗಳನ್ನು. ಬಂದ ಗಿರಾಕಿಗಳಿಗೆಲ್ಲ ನಾಳೆ ಬರ್ರಿ ಎನ್ನುತ್ತಿದ್ದರು. ಪಾಲಾದವರಲ್ಲಿ ಇಷ್ಟು ಸರಿಸಮನಾಗಿ ಹಾಳಾದವರನ್ನು ನಾನು ನೋಡಿಲ್ಲ.

ರಾಶಿ ಶುರುವಾದ ದಿನ ಮುತ್ಯಾ ಬಂದ. ಅವನ ಟ್ರ್ಯಾಕ್ಟರು ಕನ್ನೊಳ್ಳಿಯಲ್ಲಿ ನಾಝಲ್ ಇಲ್ಲದೆ ನಿಂತಿತ್ತು, ಒಕ್ಕಬೇಕಾದ ಜೋಳದ ಮುಂದೆ ಮಂದಿ ಕಾಯುತ್ತ ಕೂತಿದ್ದರು. ನನ್ನ ನಾಝಲ್ ಕೊಡ್ರೋ ಅಂದ. ಅಪ್ಪ ಒಂದು ಹಿಡಿ ಬಾಡಿ ತೋರಿಸಿದ, ಕಾಕಾ ಒಂದು ಹಿಡಿ ಸೂಜಿ. ತಾನು ಮಾಡಿದ್ದೇನೆಂದು ಮುತ್ಯಾನಿಗೆ ಆಗ ತಿಳಿಯಿತು, ಮತ್ತು ಅವನು ಬೈದ ಬೈಗುಳದಲ್ಲಿ ತನ್ನನ್ನು ಮಾತ್ರ ಬಿಟ್ಟು ಉಳಿದ ಎಲ್ಲರ ಹೆಸರೂ ಇತ್ತು. ಜೋಡಿ ಹುಡುಕಲೇಬೇಕಾಗಿತ್ತು. ಹುಡುಕುವುದೆಂದರೆ ಒಂದೊಂದೇ ಸೂಜಿಯನ್ನು ಒಂದೊಂದೇ ಬಾಡಿಗೆ ಇಳಿಸಿ ನೋಡುವುದು. ನಡುವೆ ಒಂದು ಕಣ ಧೂಳು ಬಂದರೂ ಎರಡೂ ಗೀರಿಹೋಗುತ್ತವೆ. ಹೊರಗೆ ಗಾಳಿ ಎದ್ದಿತ್ತು. ಪಡಸಾಲೆಯಲ್ಲಿ ಆಗುವ ಕೆಲಸವಲ್ಲ. ಮೂವರೂ ಬೆಂಚನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು.

ಅವ್ವ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದು ನಿಂತಳು.

“ಒಂದ ತಾಸು ಬಿಡವ್ವ,” ಅಂದ ಮುತ್ಯಾ.

“ಮುಂಚೆ ಮಳಿ ಬರೂತನಾ ಅಂತ ಬಂದಿದ್ರು. ಈಗ ತಾಸು ಅಂತೀರಿ. ಈ ತಾಸು ನನ್ನ ಮಗನ ಮದಿವಿ ಆಗೂತನಾ ಏನ್ರಿ?”

ಮುತ್ಯಾ ಹಿರಿತನ ತೋರಿಸಿದ, ರಾಶಿಯ ಕತೆ ಹೇಳಿದ, ಕಾಯುತ್ತಿರುವ ಮಂದಿಯ ಕತೆ ಹೇಳಿದ. ಅಪ್ಪ ಖರ್ ಖರ್ ಶುರು ಮಾಡಿದ. ಒಂದು ಕ್ಷಣ ಅವಳು ಸರಿಯುತ್ತಾಳೆ ಅನ್ನಿಸಿತು. ಅಪ್ಪ ಸಿಟ್ಟಿಗೆದ್ದಾಗ ಸರಿದೇ ಅವಳಿಗೆ ಅಭ್ಯಾಸ. ಆದರೆ ಬೆಂಚಿನ ಮುಂಗಾಲು ಹೊಸ್ತಿಲಿಗೆ ತಾಗಿದ್ದೇ ತಡ, ಅವಳು ಅದನ್ನು ಪಾದದಿಂದ ಹಿಂದಕ್ಕೆ ನೂಕಿದಳು.

“ಮನಶ್ಯಾರು ಬರ್ರಿ. ಬೆಂಚು ಬರೂದಿಲ್ಲ.”

ಹಾಗೆ ಅವರು ಕೈಕಾಲು ತೊಳೆದು ನೆಲಕ್ಕೆ ಕೂತರು, ಎದುರುಬದುರು, ನಡುವೆ ಡೀಸೆಲ್ ತುಂಬಿದ ಬೋಗುಣಿ. ಅವ್ವ ಬೆನ್ನು ಹಾಕಿ ರೊಟ್ಟಿ ಬಡಿಯುತ್ತಿದ್ದಳು. ಸೂಜಿಯನ್ನು ಅರ್ಧ ಇಳಿಸಿ ಬಾಡಿಯನ್ನು ಸ್ವಲ್ಪ ಓರೆ ಹಿಡಿದು ಬಿಡಬೇಕು. ಜೋಡಿ ಸರಿಯಿದ್ದರೆ ಅದು ತನ್ನ ಭಾರಕ್ಕೆ ತಾನೇ, ಅವಸರವಿಲ್ಲದೆ, ತಳಕ್ಕೆ ಇಳಿಯುತ್ತದೆ. ಮೊದಲನೆಯದು ಕುತ್ತಿಗೆಯಲ್ಲೇ ಸಿಕ್ಕಿಕೊಂಡಿತು. ಕಾಕಾ ನನ್ನ ಕಡೆ ತಿರುಗಿ, ಹೇಳು ನಿಮ್ಮಪ್ಪಗ, ಇದಲ್ಲ ಅಂತ, ಅಂದ. ನಾನು ಮೂಗು ಹಿಗ್ಗಿಸಿ ಬಾಯಿ ತೆರೆದೆ.

“ಅವನ ಬಾಯಿ ನನ್ನ ಅಡಗಿಮನ್ಯಾಗ ನಡಿಯೂದಿಲ್ಲ,” ಅಂದಳು ಅವ್ವ, ತಿರುಗದೆ. “ನಿಮ್ಮ ನಿಮ್ಮ ಬಾಯಿಲೇ ಬೈಕೋರಿ.”

ಕಾಕಾ ಸಿಕ್ಕಿಕೊಂಡ ಸೂಜಿಯನ್ನು ಹೊರಗೆಳೆದು ಪಕ್ಕಕ್ಕಿಟ್ಟ. ಇನ್ನೊಂದು ಸೂಜಿ ಬಾವಿಗೆ ಬಿದ್ದ ಕಲ್ಲಿನಂತೆ ಬುಡಕ್ಕೆ ಹೋಯಿತು. ಮತ್ತೊಂದು ಸಿಕ್ಕಿಕೊಂಡಿತು.

“ಬಿಗಿ ಐತಿ,” ಅಂದ ಅಪ್ಪ, ಬೋಗುಣಿಗೆ.

“ಬಿಗಿ ಇರೂದು ನಿನ್ನ ಬಾಡಿ.”

“ನಿನ್ನ ಸೂಜಿ ದಪ್ಪ ಐತಿ. ನಿನ್ನ ತಲಿ ಇದ್ದಂಗ.”

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಇವರಿಬ್ಬರ ಪರವಾಗಿ ನಾನು ಎಂಥೆಂಥ ಮಾತು ಕಟ್ಟಿ ದಾಟಿಸಿದ್ದೆ; ಸ್ವಂತ ಬಾಯಿಗೆ ಬಂದರೆ ಇವರ ಹತ್ತಿರ ಇಷ್ಟೇ ಸರಕು. ಅಪ್ಪನ ದನಿ ನಾನು ಮಾಡುವ ಅಪ್ಪನ ದನಿಗಿಂತ ಸಣ್ಣದಿತ್ತು. ಆದರೂ ನಿಲ್ಲಿಸಲಿಲ್ಲ. ಒಂದೊಂದು ಸೂಜಿಗೆ ಒಂದೊಂದು ಬೈಗುಳ, ಅಜ್ಜನ ಕಾಲದ್ದು, ಆಲಮೇಲದ್ದು, ತಿಂದದ್ದು, ಉಂಡದ್ದು. ಹಾಗೆ ಬೈಯುತ್ತ ಬೈಯುತ್ತ ಮುತ್ಯಾನ ಜೋಡಿಗಳು ಒಂದೊಂದಾಗಿ ಜೇನು ಇಳಿದಂತೆ ಇಳಿದವು. ಹೋಲ್ಡರ್ ಎಂಬ ಕವಚಕ್ಕೆ ಹಾಕಿ ಬಿಗಿದ ಮೇಲೆ ಧೂಳಿನ ಭಯವಿಲ್ಲ; ಹೊರಗೆ ಬಂದು ನಾಝಲ್ ಸಿಂಪಡಿಸಿ ನೋಡುವ ಟೆಸ್ಟರಿನ ಹಿಡಿಕೆ ಒತ್ತಿದರು. ನಾಝಲ್ಲು ಕಿರ್ರ್ ಎಂದು ಮಾತಾಡಿತು, ಮೂತಿಯ ಸುತ್ತ ನಾಲ್ಕೂ ದಿಕ್ಕಿಗೆ ಸಮನಾದ ಮಂಜು ನಿಂತಿತು, ಕೊನೆಗೆ ಒಂದು ಹನಿಯೂ ಜಿನುಗಲಿಲ್ಲ. ಮುತ್ಯಾ ಮಂಜನ್ನು ನೋಡಿ, ಹಂಗಾದ್ರ ಯಾರದು ಖರೇ ಆತು, ಎಂದು ಕೇಳಿದ. ಅಪ್ಪ ತೂತು ಅಂದ, ಕಾಕಾ ಸೂಜಿ ಅಂದ, ಇಬ್ಬರೂ ಒಮ್ಮೆಲೇ. ಮತ್ತೆ ಕೊರಳಪಟ್ಟಿಗೆ ಕೈ ಹೋಗುವುದರೊಳಗೆ ಮುತ್ಯಾ ನಾಝಲ್ಲುಗಳನ್ನು ಬಗಲಿಗೆ ಹಾಕಿಕೊಂಡು, ಮೊದಲು ಉಣ್ಣೋಣ ನಡೀರಿ, ಅಂದ.

ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಅಪ್ಪ ತಳ್ಳಿದ, ತೆರೆಯಲಿಲ್ಲ. ಒಳಗಿನಿಂದ ಅಗಳಿ ಹಾಕಿತ್ತು. ಕಾಕಾ ಅತ್ತಿಗೆಯನ್ನು ಮೆಲ್ಲಗೆ, ವೈನೀ, ಎಂದು ಕರೆದ. ಜಾಳಿಗೆಯ ಸಂದಿಗೆ ಕಣ್ಣು ಹಚ್ಚಿ ನಾನು ನೋಡಿದೆ. ಬಿಳಿ ನೆಲದ ಸರಿಯಾಗಿ ನಡುವೆ, ಗೋಡೆಗೆ ಆತುಕೊಳ್ಳದೆ, ಕಾಲು ನೀಡಿಕೊಂಡು ಅವ್ವ ಕೂತಿದ್ದಳು. ತೊಡೆಯ ಮೇಲೆ ತಾಟು. ನಮ್ಮ ಮನೆಯಲ್ಲಿ ಗಂಡಸರ ಊಟ ಮುಗಿಯದೆ ಹೆಂಗಸರು ತಾಟು ಹಿಡಿದದ್ದನ್ನು ನಾನು ನೋಡಿರಲಿಲ್ಲ. ಮುತ್ಯಾ ಏನು ಮಾಡಾಕತ್ತಾಳೋ ಎಂದು ಕೇಳಿದ. ಉಣ್ಣಾಕತ್ತಾಳ್ರಿ, ಅಂದೆ, ನನ್ನದೇ ದನಿಯಲ್ಲಿ. ಅಪ್ಪ ಖರ್ ಎಂದವನು ಅರ್ಧಕ್ಕೇ ನಿಲ್ಲಿಸಿದ. ನಾವು ನಾಲ್ವರೂ ಬಾಗಿಲಿನ ಹೊರಗೆ ಹಸಿದುಕೊಂಡು ನಿಂತೆವು. ಒಳಗೆ ಅವ್ವ ಇನ್ನೊಂದು ಖಡಕ್ ರೊಟ್ಟಿ ಮುರಿದ ಸದ್ದು ಕೇಳಿಸಿತು.